ಕಿರಿಯ ಸಂಸ್ಥೆಯೂ ಹಿರಿಯ ಪ್ರತಿಸ್ಪರ್ಧಿಗಳೂ: ಕೃತಕ ಬುದ್ಧಿಮತ್ತೆಯಲ್ಲಿ ಕನ್ನಡದ ಕ್ಷೇತ್ರ

ಬಂಡವಾಳದಲ್ಲಿಯೂ ಯಂತ್ರಬಲದಲ್ಲಿಯೂ ತನಗಿಂತ ಬಹುಪಾಲು ಹಿರಿದಾದ ಪ್ರತಿಸ್ಪರ್ಧಿಗಳ ಎದುರಿನಲ್ಲಿ ಚಿಕ್ಕ ಉದ್ಯಮವೊಂದು ಹೇಗೆ ನಿಲ್ಲಬಲ್ಲುದು ಎಂಬುದು ಅರ್ಥಶಾಸ್ತ್ರದ ಹಳೆಯ ಪ್ರಶ್ನೆ. ಕೃತಕ ಬುದ್ಧಿಮತ್ತೆಯ ಉದ್ಯಮದಲ್ಲಿ ಅದು ಹೊಸ ರೂಪವನ್ನು ತಳೆದಿದೆ. ವಿವೇಕ್ ರಾಘವನ್ ಮತ್ತು ಪ್ರತ್ಯೂಷ್ ಕುಮಾರ್ ಅವರು 2023ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿಸಿದ ಸರ್ವಂ ಸಂಸ್ಥೆಯನ್ನು ನಿದರ್ಶನವಾಗಿ ತೆಗೆದುಕೊಂಡು ಈ ಪ್ರಶ್ನೆಯನ್ನು ವಿವೇಚಿಸುವೆವು. ರಾಯಚೂರು ಜಿಲ್ಲೆ ಮಾನ್ವಿ ತಾಲ್ಲೂಕಿನ ಪೋತ್ನಾಳವನ್ನು ಒರೆಗಲ್ಲಾಗಿ ಇಟ್ಟುಕೊಳ್ಳುವೆವು. ಏಕೆಂದರೆ ಯಂತ್ರದ ಕನ್ನಡಕ್ಕೆ ನಿಜವಾದ ಪರೀಕ್ಷೆ ನಡೆಯುವುದು ಗ್ರಂಥಭಾಷೆಯಿಂದ ದೂರವಿರುವ ಇಂಥ ಊರುಗಳಲ್ಲಿಯೇ.

ಮೊದಲು ಬಲಾಬಲವನ್ನು ನೋಡೋಣ. ಭಾಷಾಯಂತ್ರದ ಗಾತ್ರವನ್ನು, ಅದು ಕಲಿಕೆಯ ಕಾಲದಲ್ಲಿ ಹೊಂದಿಸಿಕೊಳ್ಳುವ ಅಂಕಿಗಳ, ಅಂದರೆ ನಿಯತಾಂಕಗಳ, ಸಂಖ್ಯೆಯಿಂದ ಅಳೆಯುವುದು ವಾಡಿಕೆ. ಮೆಟಾ ಸಂಸ್ಥೆ 2024ರ ಜುಲೈಯಲ್ಲಿ ಹೊರತಂದ ಲಾಮಾ 3.1 ಶ್ರೇಣಿಯ ಅತಿ ದೊಡ್ಡ ಮಾದರಿಯಲ್ಲಿ ಇವು 40,500 ಕೋಟಿ. ಅದೇ ವರ್ಷದ ಅಕ್ಟೋಬರಿನಲ್ಲಿ ಬಂದ ಸರ್ವಂ-1ರಲ್ಲಿ 200 ಕೋಟಿ. ಇಷ್ಟು ಅಂತರವಿರುವಾಗ ಗಾತ್ರದಲ್ಲಿ ಸ್ಪರ್ಧಿಸುವುದು ವ್ಯರ್ಥ. ಆದುದರಿಂದ ಈ ಸಂಸ್ಥೆಯು ಹಿರಿಯರು ಅಲಕ್ಷಿಸಿದ ಕ್ಷೇತ್ರವನ್ನು ಆರಿಸಿಕೊಂಡಿತು. ಕನ್ನಡವೂ ಸೇರಿ ಭಾರತದ ಹತ್ತು ಭಾಷೆಗಳೇ ಆ ಕ್ಷೇತ್ರ.

ಈ ಅಲಕ್ಷ್ಯದಿಂದ ಆಗುವ ನಷ್ಟವನ್ನು ಸ್ವಲ್ಪ ವಿವರವಾಗಿ ತಿಳಿಯಬೇಕು. ಯಂತ್ರವು ಬರಹವನ್ನು ಪದಗಳಾಗಿ ಓದದೆ, ಟೋಕನ್ ಎಂಬ ತುಣುಕುಗಳಾಗಿ ಒಡೆದು ಓದುತ್ತದೆ. ಕಾಲವೂ ವೆಚ್ಚವೂ ತುಣುಕುಗಳ ಎಣಿಕೆಯಂತೆ ಏರುತ್ತವೆ. ರೋಮನ್ ಅಕ್ಷರವೊಂದಕ್ಕೆ ಗಣಕದಲ್ಲಿ ಒಂದು ಬೈಟ್ ಸಾಕಾದರೆ, ಕನ್ನಡದ ಪ್ರತಿಯೊಂದು ಸಂಕೇತಕ್ಕೂ ಮೂರು ಬೈಟ್ ಬೇಕು. ಪೋತ್ನಾಳದವರು ಆಡುವ 'ಹೊಲದಾಗ' ಎಂಬ ಮಾತಿನಲ್ಲಿ ಆರು ಸಂಕೇತಗಳು, ಎಂದರೆ ಹದಿನೆಂಟು ಬೈಟುಗಳು ಇವೆ. ಅಲ್ಲದೆ ನಮ್ಮ ನುಡಿಯಲ್ಲಿ ವಿಭಕ್ತಿಪ್ರತ್ಯಯಗಳೂ ಅವ್ಯಯಗಳೂ ಪದಕ್ಕೆ ಅಂಟಿಕೊಂಡೇ ಬರುತ್ತವೆ. ಇಂಗ್ಲಿಷಿಗೆಂದು ಸಿದ್ಧಪಡಿಸಿದ ತುಣುಕುಪಟ್ಟಿಯು ಇಂಥ ಪದಗಳನ್ನು ಚೂರುಚೂರು ಮಾಡುತ್ತದೆ. ಇತರ ಮಾದರಿಗಳಲ್ಲಿ ಭಾರತೀಯ ಭಾಷೆಗಳ ಒಂದು ಪದಕ್ಕೆ 4ರಿಂದ 8 ತುಣುಕುಗಳಾಗುವಲ್ಲಿ ತನ್ನ ಮಾದರಿಗೆ 1.4ರಿಂದ 2.1 ಸಾಕೆಂದು ಸರ್ವಂ ತಿಳಿಸಿದೆ. ಕಿರಿಯ ಯಂತ್ರಕ್ಕೆ ದೊರೆತ ಅನುಕೂಲದ ಮೂಲ ಇದೇ.

ಎರಡನೆಯ ಉಪಾಯವೆಂದರೆ ಪ್ರತಿಸ್ಪರ್ಧಿಗಳು ಮುಕ್ತವಾಗಿ ಬಿಟ್ಟುಕೊಟ್ಟುದನ್ನೇ ತಳಹದಿಯಾಗಿ ಬಳಸುವುದು. 2023ರ ಡಿಸೆಂಬರಿನ ಓಪನ್‌ಹಾಥಿ ಎಂಬ ಹಿಂದಿ ಮಾದರಿಯು ಮೆಟಾದ ಲಾಮಾ 2ರ ಮೇಲೆಯೂ, 2025ರ ಮೇ ತಿಂಗಳ ಸರ್ವಂ-ಎಂ ಫ್ರಾನ್ಸಿನ ಮಿಸ್ಟ್ರಲ್ ಸಂಸ್ಥೆಯ ಮಾದರಿಯ ಮೇಲೆಯೂ ನಿರ್ಮಿತವಾದವು. ಮೂರನೆಯದು ರಾಜ್ಯಾಶ್ರಯ. ಕೇಂದ್ರ ಸರ್ಕಾರವು 2024ರ ಮಾರ್ಚಿಯಲ್ಲಿ ಸುಮಾರು 10,372 ಕೋಟಿ ರೂಪಾಯಿಗಳ ಇಂಡಿಯಾ ಎಐ ಯೋಜನೆಗೆ ಒಪ್ಪಿಗೆಯಿತ್ತು, 2025ರ ಏಪ್ರಿಲಿನಲ್ಲಿ ಸ್ವದೇಶೀ ಭಾಷಾಮಾದರಿಯೊಂದರ ನಿರ್ಮಾಣಕ್ಕೆ ಸರ್ವಂ ಸಂಸ್ಥೆಯನ್ನು ಆರಿಸಿತು.

ಆದರೆ ಆರಿಸಿಕೊಂಡ ಕ್ಷೇತ್ರ ಶಾಶ್ವತವಾಗಿ ತನ್ನದಾಗಿಯೇ ಉಳಿಯುವುದೇ? ಉಳಿಯದೆಂದೇ ನಮಗೆ ತೋರುತ್ತದೆ. ಹಿರಿಯ ಸಂಸ್ಥೆಯು ತನ್ನ ತುಣುಕುಪಟ್ಟಿಯನ್ನು ತಿದ್ದಿಕೊಂಡೊಡನೆ ಮೊದಲ ಅನುಕೂಲ ಕರಗುತ್ತದೆ. ಸಾಮಗ್ರಿಯೂ ಒಬ್ಬರ ಸೊತ್ತಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯು ಗೂಗಲ್ ನೆರವಿನಿಂದ ಕೈಗೊಂಡ ವಾಣಿ ಯೋಜನೆಯಲ್ಲಿ, ಜನರಿಗೆ ಚಿತ್ರಗಳನ್ನು ತೋರಿಸಿ, ಅವರು ತಮ್ಮ ನುಡಿಯಲ್ಲಿ ಅವನ್ನು ಬಣ್ಣಿಸುವುದನ್ನು ಜಿಲ್ಲೆಜಿಲ್ಲೆಗಳಲ್ಲಿ ಧ್ವನಿಮುದ್ರಿಸಲಾಗಿದೆ. ರಾಯಚೂರೂ ಆ ಜಿಲ್ಲೆಗಳಲ್ಲೊಂದು. ಈ ಸಂಗ್ರಹ ಎಲ್ಲರಿಗೂ ಮುಕ್ತವಾಗಿದೆ.

ಹೀಗಿರಲು ಕಿರಿಯ ಸಂಸ್ಥೆಗೆ ಉಳಿಯುವ ಬಲ ಯಾವುದು? ಬಳಸುವವನ ಸಾಮೀಪ್ಯವೊಂದೇ. ಪೋತ್ನಾಳವಿರುವ ಸೀಮೆಯು 1956ರವರೆಗೆ ಹೈದರಾಬಾದು ರಾಜ್ಯಕ್ಕೆ ಸೇರಿತ್ತು. ಅಲ್ಲಿಯ ಕನ್ನಡದಲ್ಲಿ ಉರ್ದು ಬೆರೆತಿದೆ, ತೆಲುಗಿನ ನೆರೆಯೂ ಇದೆ. ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆಯ ಭಾಗದ ರೈತನು ತನ್ನ ಹೊಲಕ್ಕೆ ನೀರು ಬರುವ ದಿನವನ್ನೋ ಪಹಣಿಯ ತಿದ್ದುಪಡಿಯನ್ನೋ ಕುರಿತು ಬಾಯಿಮಾತಿನಲ್ಲಿ ಕೇಳಿದಾಗ, 'ಹೊಲದಾಗ' ಎಂಬುದೂ 'ಹೊಲದಲ್ಲಿ' ಎಂಬುದೂ ಒಂದೇ ಎಂದು ಯಂತ್ರವು ಅರಿಯಬೇಕು. ಅರಿತು, ನಂಬಬಹುದಾದ ಉತ್ತರವನ್ನು ಅಗ್ಗದಲ್ಲಿ ಕೊಡಬೇಕು. ಇದನ್ನು ಸಾಧಿಸದೆ ಪಠ್ಯಪುಸ್ತಕದ ಕನ್ನಡದಲ್ಲಿಯೇ ನಿಂತರೆ, ಸ್ವದೇಶೀ ಎಂಬ ಹೆಸರು ಸಂಸ್ಥೆಯನ್ನು ಕಾಯಲಾರದು. ಅದೇ ಕೆಲಸವನ್ನು ಹಿರಿಯರು ಇನ್ನೂ ಅಗ್ಗದಲ್ಲಿ ಮಾಡಿಯಾರು. ಗೆಲುವು ಯಾರದಾದರೂ, ನುಡಿಗೆ ಲಾಭವಾಗುವುದು ಅದನ್ನಾಡುವ ಕಟ್ಟಕಡೆಯ ಊರನ್ನು ಯಂತ್ರವು ತಲುಪಿದಾಗ ಮಾತ್ರ ಎಂಬುದನ್ನು ಕನ್ನಡದ ಅಭ್ಯಾಸಿಗಳು ಗಮನದಲ್ಲಿಡತಕ್ಕದ್ದು.