ಕಡಲಿಲ್ಲದ ಸೀಮೆಯ ಅಂಕಸಮುದ್ರ

ಕೂಡ್ಲಿಗಿ, ಕೊಟ್ಟೂರು, ಹರಪನಹಳ್ಳಿ, ಹಡಗಲಿ, ಹಗರಿಬೊಮ್ಮನಹಳ್ಳಿ - ಈ ಐದೂ ತಾಲ್ಲೂಕುಗಳಿಂದ ಕಡಲು ಬಲು ದೂರ. ಮಳೆಯೂ ಕಡಿಮೆ. ಆದರೂ ಹಗರಿಬೊಮ್ಮನಹಳ್ಳಿ ತಾಲ್ಲೂಕಿನಲ್ಲಿ ಒಂದು ‘ಸಮುದ್ರ’ವಿದೆ. ಅದೇ ಅಂಕಸಮುದ್ರ. ದೊಡ್ಡ ಕೆರೆಗಳನ್ನು ಸಮುದ್ರ, ಸಾಗರ ಎಂದು ಕರೆಯುವುದು ಈ ನಾಡಿನ ಹಳೆಯ ರೂಢಿ. ಶತಮಾನಗಳ ಹಿಂದೆ ಹೊಲಗದ್ದೆಗಳಿಗೆ ನೀರುಣಿಸಲು ಕಟ್ಟಿದ ಈ ಊರ ಕೆರೆ ಈಗ ಜಗತ್ತಿನ ಮಹತ್ವದ ಜೌಗುಭೂಮಿಗಳ ಸಾಲಿನಲ್ಲಿದೆ. ಅದು ರಾಮ್ಸರ್ ಪಟ್ಟಿ ಸೇರಿದ ಸುದ್ದಿ 2024ರ ಜನವರಿಯಲ್ಲಿ ಪ್ರಕಟವಾಯಿತು.

ರಾಮ್ಸರ್ ಎಂಬುದು ಇರಾನಿನಲ್ಲಿ ಕ್ಯಾಸ್ಪಿಯನ್ ಸಮುದ್ರದ ದಡದಲ್ಲಿರುವ ಪಟ್ಟಣ. ಜೌಗುಭೂಮಿಗಳ ರಕ್ಷಣೆಗಾಗಿ 1971ರ ಫೆಬ್ರುವರಿ 2ರಂದು ಅಲ್ಲಿ ಒಪ್ಪಂದವೊಂದಾಯಿತು. ಭಾರತ ಇದಕ್ಕೆ ಸೇರಿದ್ದು 1982ರಲ್ಲಿ. ನೀರು ಸಿಹಿಯೋ ಉಪ್ಪೋ, ಕೆರೆ ತಾನಾಗಿ ಆದದ್ದೋ ಮನುಷ್ಯರು ಕಟ್ಟಿದ್ದೋ ಎಂಬ ಭೇದವನ್ನು ಈ ಒಪ್ಪಂದ ಮಾಡುವುದಿಲ್ಲ. ಹಾಗಾಗಿಯೇ ಕಡಲ ನೀರು ನುಗ್ಗುವ ಉತ್ತರ ಕನ್ನಡದ ಅಘನಾಶಿನಿ ಅಳಿವೆ ಮತ್ತು ಹಡಗಲಿಯಿಂದ ತುಂಗಭದ್ರೆ ದಾಟಿದರೆ ಸಿಗುವ ಗದಗ ಜಿಲ್ಲೆಯ ಮಾಗಡಿ ಕೆರೆ, ಇವೆರಡೂ ಅಂಕಸಮುದ್ರದ ಜೊತೆಗೇ ಪಟ್ಟಿ ಸೇರಿದವು. ಕರ್ನಾಟಕದಿಂದ ಮೊದಲು ಈ ಗೌರವ ಪಡೆದದ್ದು ರಂಗನತಿಟ್ಟು, 2022ರಲ್ಲಿ.

ಅಂಕಸಮುದ್ರದ ವಿಸ್ತೀರ್ಣ ಸುಮಾರು 244 ಎಕರೆ. ಕೆರೆಯಂಗಳದ ಜಾಲಿ ಮರಗಳ ಮೇಲೆ ಗೂಡು ಕಟ್ಟುವ, ರಾತ್ರಿ ತಂಗುವ ನೀರುಹಕ್ಕಿಗಳ ಸಂಖ್ಯೆ 30,000ಕ್ಕೂ ಹೆಚ್ಚು. ಬಣ್ಣದ ಕೊಕ್ಕರೆ, ಕಪ್ಪು ತಲೆಯ ಬಿಳಿ ಕೆಂಬರಲು ಇವುಗಳಲ್ಲಿ ಮುಖ್ಯ. ಏಷ್ಯಾದ ಈ ಭಾಗದಲ್ಲಿರುವ ಅವುಗಳ ಒಟ್ಟು ಸಂಖ್ಯೆಯಲ್ಲಿ ಶೇಕಡಾ ಒಂದಕ್ಕೂ ಹೆಚ್ಚು ಪಾಲು ಈ ಒಂದೇ ಕೆರೆಯನ್ನು ಆಶ್ರಯಿಸಿದೆ.

ಹಕ್ಕಿಗಳು ಇಲ್ಲಿಗೇ ಬರುವುದೇಕೆ? ಬಣ್ಣದ ಕೊಕ್ಕರೆ ಕಣ್ಣಿನಿಂದ ಮೀನು ಹುಡುಕುವುದಿಲ್ಲ. ಅರೆತೆರೆದ ಕೊಕ್ಕನ್ನು ನೀರಿನಲ್ಲಿಳಿಸಿ, ಕಾಲಿನಿಂದ ಕೆಸರು ಕದಡುತ್ತದೆ. ಮೀನು ಕೊಕ್ಕಿಗೆ ತಗುಲಿದೊಡನೆ ಪಟ್ಟನೆ ಮುಚ್ಚುತ್ತದೆ. ಆದ್ದರಿಂದ ಅದಕ್ಕೆ ಬೇಕಾದದ್ದು ಮೊಣಕಾಲುದ್ದದ ನೀರು. ಸುತ್ತ ನೀರು ನಿಂತ ಮರದ ಬುಡಕ್ಕೆ ನಾಯಿ, ನರಿಗಳು ಸುಲಭವಾಗಿ ಬರಲಾರವು. ಗೂಡಿನ ಮರಿ ಕ್ಷೇಮ. ಹಕ್ಕಿಗಳು ಋಣವನ್ನೂ ತೀರಿಸುತ್ತವೆ. ಅವುಗಳ ಹಿಕ್ಕೆ ಬೆರೆತ ನೀರು ಪೈರಿಗೆ ಗೊಬ್ಬರ.

ನೀರು ಬತ್ತಿದರೆ ಈ ಲೆಕ್ಕವೆಲ್ಲ ತಲೆಕೆಳಗು. ಮೀನೂ ಇಲ್ಲ, ಕಾವಲೂ ಇಲ್ಲ. ಮಳೆಯನ್ನೇ ನಂಬಿದ ಕೆರೆಗೆ ಬರಗಾಲ ಹೊಸತಲ್ಲ. ತುಂಗಭದ್ರಾ ಹಿನ್ನೀರನ್ನು ಏತ ನೀರಾವರಿಯಿಂದ ಇಲ್ಲಿಗೆ ಹರಿಸಿದ್ದೇ ಈ ಕಾರಣಕ್ಕೆ. ಆದರೆ ಬರಗಾಲದಲ್ಲಿ ಕುಡಿಯಲು, ಬೆಳೆಗೆ, ಹಕ್ಕಿಗೆ ಎಂದು ಅದೇ ನೀರನ್ನು ಹಂಚಬೇಕು. ಈ ಕಷ್ಟವನ್ನು ಯಾವ ಪಟ್ಟಿಯೂ ತಾನಾಗಿ ಬಗೆಹರಿಸದು.

ಹಕ್ಕಿಗಳ ಹೆಸರಿನಲ್ಲಿ ರೈತರನ್ನು ದೂರ ಇಡುತ್ತಾರೆಯೇ ಎಂಬ ಅಳುಕು ಸಹಜ. ಅಂಕಸಮುದ್ರ 2017ರಲ್ಲಿ ಪಡೆದದ್ದು ಅಭಯಾರಣ್ಯದ ಪಟ್ಟವಲ್ಲ, ‘ಪಕ್ಷಿ ಸಂರಕ್ಷಣಾ ಮೀಸಲು’ ಪ್ರದೇಶದ ಪಟ್ಟ. ಕಾಯ್ದೆಯ ಪ್ರಕಾರ ಇಂಥ ಮೀಸಲನ್ನು ಘೋಷಿಸುವ ಮುನ್ನ ಸ್ಥಳೀಯರೊಡನೆ ಸಮಾಲೋಚಿಸಬೇಕು. ನೋಡಿಕೊಳ್ಳಲು ಸಲಹೆ ನೀಡುವ ಸಮಿತಿಯಲ್ಲಿ ಗ್ರಾಮ ಪಂಚಾಯಿತಿಯ ಪ್ರತಿನಿಧಿ ಇರಬೇಕು. ರಾಮ್ಸರ್ ಒಪ್ಪಂದವೂ ಹೇಳುವುದು ಬಳಕೆ ಬೇಡವೆಂದಲ್ಲ, ವಿವೇಕದಿಂದ ಬಳಸಿ ಎಂದು. ಅಂದರೆ ಕೆರೆಯ ಭವಿಷ್ಯ ಊರವರ ಕೈಯಲ್ಲೂ ಇದೆ.

ಮಕ್ಕಳನ್ನು ಕರೆದೊಯ್ಯುವ ಪಾಲಕರು ಬೆಳಿಗ್ಗೆ ಅಥವಾ ಸಂಜೆ, ಸದ್ದಿಲ್ಲದೆ, ದೂರದಿಂದ ನೋಡುವುದು ಒಳಿತು. ಹೆದರಿ ತಾಯಿಹಕ್ಕಿ ಗೂಡು ಬಿಟ್ಟೆದ್ದರೆ ಮೊಟ್ಟೆ, ಮರಿಗಳು ಬಿಸಿಲಿಗೆ, ಕಾಗೆಗಳಿಗೆ ಈಡಾಗುತ್ತವೆ. ಮನೆಗೆ ಮರಳಿದ ಮೇಲೆ ವಿದ್ಯಾರ್ಥಿಗಳಿಗೆ ಇನ್ನೊಂದು ಕೆಲಸವಿದೆ. ತಮ್ಮೂರ ಕೆರೆಗೆ ನೀರು ತರುತ್ತಿದ್ದ ಹಳ್ಳ ಯಾವುದು, ಕೋಡಿ ಎಲ್ಲಿದೆ, ಕೊನೆಯ ಸಲ ತುಂಬಿದ್ದು ಯಾವಾಗ ಎಂದು ಅಜ್ಜ ಅಜ್ಜಿಯರನ್ನು ಕೇಳಿ ಬರೆದಿಡಬಹುದು. ಅಂಕಸಮುದ್ರವೂ ಅಂಥದ್ದೇ ಒಂದು ಊರ ಕೆರೆ.