ಅಪ್ಪನಿಗೊಂದು ಪಬ್‌ಜಿ ಪಾಠ!

ಬಂಟ್ವಾಳ, ಬೆಳ್ತಂಗಡಿ, ಮೂಡಬಿದ್ರಿ ಕಡೆಯ ಹಿರಿಯರು "ಆಟಕ್ಕೆ ಹೋಗಿದ್ದೆ" ಅಂದರೆ ಯಕ್ಷಗಾನಕ್ಕೆ ಹೋಗಿದ್ದರು ಅಂತಲೇ ಅರ್ಥ! ಧರ್ಮಸ್ಥಳ ಮೇಳ, ಕಟೀಲು ಮೇಳ ಅಂತ ಗದ್ದೆಯಲ್ಲಿ ಕೂತು ಬೆಳಗಿನವರೆಗೆ ನಿದ್ದೆಗೆಟ್ಟ ಅಪ್ಪಂದಿರೇ, ಮಗ ರಾತ್ರಿ ಹನ್ನೊಂದಕ್ಕೆ ಮೊಬೈಲು ಹಿಡಿದು ಕೂತರೆ "ಎಂತ ಮಾರಾಯ, ಹುಚ್ಚಾ ನಿಂಗೆ?" ಅಂತ ಗುಡುಗುತ್ತಾರೆ. ತಮಾಷೆ ಅಲ್ವಾ?

ಆದರೆ ಮಿತ್ರರೇ, ನಿಮ್ಮ ಆಟ ಎಂತದ್ದು ಅಂತ ಅಪ್ಪನಿಗೆ ಯಾರು ಹೇಳಿದ್ದಾರೆ? ಕೂರಿಸಿಕೊಂಡು ಕಥೆ ಹೇಳಿ. ನೂರು ಜನ ವಿಮಾನದಿಂದ ದ್ವೀಪಕ್ಕೆ ಹಾರ್ತಾರೆ, ಸಿಕ್ಕಿದ ಆಯುಧ ಹಿಡೀತಾರೆ, ಸುತ್ತಲಿನ ವೃತ್ತ ಕುಗ್ಗುತ್ತಾ ಬರ್ತದೆ... ಕೊನೆಗೆ ಉಳಿದವನೇ ಹೀರೋ! ಇದರ ಬೇರು ಸಿನಿಮಾದಲ್ಲೇ ಉಂಟು. ಜಪಾನಿನ ಕಿಂಜಿ ಫುಕಾಸಾಕು 2000ದಲ್ಲಿ ತೆಗೆದ 'ಬ್ಯಾಟಲ್ ರಾಯಲ್' ಚಿತ್ರದಿಂದ ಪ್ರೇರಣೆ ಪಡೆದ ಬ್ರೆಂಡನ್ ಗ್ರೀನ್ ರೂಪಿಸಿದ ಆಟವೇ 2017ರ ಪಬ್‌ಜಿ. 2020ರ ಸೆಪ್ಟೆಂಬರಿನಲ್ಲಿ ಕೇಂದ್ರ ಸರಕಾರ ಪಬ್‌ಜಿ ಮೊಬೈಲನ್ನು ನಿಷೇಧಿಸಿತು. 2021ರಲ್ಲಿ ಅದು ಬಿಜಿಎಂಐ ಎಂಬ ಹೊಸ ವೇಷ ಕಟ್ಟಿ ರಂಗಸ್ಥಳಕ್ಕೆ ಬಂತು!

ಇನ್ನು ಅಮ್ಮನ ದೂರು: "ಊಟಕ್ಕೆ ಕರೆದರೆ ಏಳುವುದಿಲ್ಲ." ಕಬಡ್ಡಿಯಲ್ಲಿ ರೈಡಿಗೆ ಹೋದವನು ನಡುವೆ ಊಟಕ್ಕೆ ಬರ್ತಾನಾ? ಜೊತೆಗೆ ಮೂವರು ಗೆಳೆಯರಿರುವಾಗ ಆಟವನ್ನು ಅರ್ಧದಲ್ಲಿ ತಡೆದು ನಿಲ್ಲಿಸಲಿಕ್ಕೆ ಆಗುವುದಿಲ್ಲ. ಇದನ್ನು ಹೇಳಿದರೆ ಅಮ್ಮನಿಗೂ ಅರ್ಥ ಆಗ್ತದೆ. "ಅರ್ಧ ಗಂಟೆ ಅಮ್ಮಾ" ಅಂತ ಮೊದಲೇ ಹೇಳಿ ಕೂತುಕೊಳ್ಳಿ. ಆಮೇಲೆ "ಇನ್ನೊಂದೇ ಮ್ಯಾಚು" ಅಂತ ಎಳೆದಿರೋ, ನಿಮ್ಮ ಕೇಸು ಬಿದ್ದುಹೋಯಿತು!

ಅಪ್ಪನ ನಿಜವಾದ ಹೆದರಿಕೆ ದುಡ್ಡಿನದ್ದು. ಕೋಳಿ ಅಂಕದಲ್ಲಿ ಪಣ ಕಟ್ಟಿ ಬರಿಗೈಯಲ್ಲಿ ಮನೆಗೆ ಬಂದವರನ್ನು ಅವರು ಕಂಡಿದ್ದಾರೆ. ಮೊಬೈಲಿನ ಎಲ್ಲ ಆಟವೂ ಅವರ ಕಣ್ಣಿಗೆ ಒಂದೇ. ದುಡ್ಡು ಕಟ್ಟಿ ಆಡುವ ರಮ್ಮಿಯ ವಿಷಯದಲ್ಲಿ ಅಪ್ಪ ಹೇಳುವುದೇ ಸರಿ, ವಾದ ಮಾಡಬೇಡಿ. 2025ರ ಆಗಸ್ಟಿನಲ್ಲಿ ಸಂಸತ್ತು ಪಾಸು ಮಾಡಿದ ಕಾನೂನು ಕೂಡ ಹಣದ ಆನ್‌ಲೈನ್ ಆಟಗಳನ್ನು ನಿಷೇಧಿಸಿ, ಇ-ಸ್ಪೋರ್ಟ್ಸನ್ನು ಬೇರೆಯಾಗಿಯೇ ಗುರುತಿಸಿದೆ. ಈ ವ್ಯತ್ಯಾಸ ಬಿಡಿಸಿ ಹೇಳಿ. ಆದರೆ ಬಂದೂಕಿಗೆ ಬಣ್ಣ ಹಚ್ಚಲಿಕ್ಕೆ ಅಪ್ಪನ ಖಾತೆಯ ದುಡ್ಡು ಗುಟ್ಟಿನಲ್ಲಿ ಎಳೆಯುವವನಿಗೆ ಈ ಪಾಠ ಉಪಯೋಗಕ್ಕೆ ಬಾರದು!

ನಿದ್ದೆ, ಕೆಲಸ, ಗೆಳೆತನ ಎಲ್ಲ ಹೋದರೂ ಬಿಡಲಿಕ್ಕೆ ಆಗುವುದಿಲ್ಲ ಅಂದರೆ ಅದು ಬೇರೆಯೇ ವಿಷಯ. ಅಂಥವರಿಗಾಗಿ ಬೆಂಗಳೂರಿನ ನಿಮ್ಹಾನ್ಸ್ 2014ರಲ್ಲೇ ಪ್ರತ್ಯೇಕ ಕ್ಲಿನಿಕ್ ತೆರೆಯಿತು. ನಾಚಿಕೆ ಎಂತದ್ದು?

ಉಳಿದವರು ಒಂದು ಸಂಜೆ ಅಪ್ಪನ ಕೈಗೇ ಮೊಬೈಲು ಕೊಡಿ. ಇಳಿದ ಎರಡೇ ನಿಮಿಷದಲ್ಲಿ ಸಾಯ್ತಾರೆ, ನಗಬೇಡಿ. "ಯಾರಾ ನನ್ನನ್ನು ಹೊಡೆದದ್ದು?" ಅಂತ ಕೇಳಿದರೆ, ಮರ್ಯಾದೆಯಿಂದ ತೋರಿಸಿಕೊಡಿ!