ಇನ್‌ಕಾಗ್ನಿಟೋ ಯಾರಿಂದ ಮರೆ?

ಪ್ರಶ್ನೆ: ಕ್ರೋಮ್‌ನ ಇನ್‌ಕಾಗ್ನಿಟೋದಲ್ಲಿ ಹುಡುಕಿದ್ದು ಗೂಗಲ್‌ಗೆ ಗೊತ್ತಾಗುವುದಿಲ್ಲವೇ?
– ಓದುಗರೊಬ್ಬರು, ಸೂಡಿ, ಗಜೇಂದ್ರಗಡ ತಾ.

ಉತ್ತರ: ನಿಮ್ಮ ಫೋನ್ ತೆಗೆದು ನೋಡುವ ಮನೆಯವರಿಗೆ ಗೊತ್ತಾಗುವುದಿಲ್ಲ, ಅಷ್ಟೇ. ಟ್ಯಾಬ್‌ಗಳನ್ನೆಲ್ಲ ಮುಚ್ಚಿದೊಡನೆ ಹಿಸ್ಟರಿ, ಕುಕಿಗಳು ಅಳಿಯುತ್ತವೆ. ಆದರೆ ಯಾವುದೋ ಜಾಲತಾಣದಲ್ಲಿ ನಿಮ್ಮೂರ ನಾಗಕುಂಡ ಪುಷ್ಕರಣಿಯ ಚಿತ್ರ ನೋಡಿದಿರೆನ್ನಿ. ಆ ಜಾಲತಾಣಕ್ಕೆ ನಿಮ್ಮ ಐಪಿ ವಿಳಾಸ ಸಿಗುತ್ತದೆ. ಅಲ್ಲಿ ಗೂಗಲ್‌ನ ಜಾಹೀರಾತಿದ್ದರೆ ಗೂಗಲ್‌ಗೂ ಸುದ್ದಿ ಹೋಗುತ್ತದೆ. ಸಿಮ್ ಕಂಪನಿಗೂ ಸಾಮಾನ್ಯವಾಗಿ ತಾಣದ ಹೆಸರು ಕಾಣುತ್ತದೆ.

ಇದೇ ತಕರಾರಿನ ಮೇಲೆ ಅಮೆರಿಕದಲ್ಲಿ 2020ರಲ್ಲಿ ದಾವೆ ಬಿತ್ತು. 2024ರ ರಾಜಿಯಲ್ಲಿ ಗೂಗಲ್ ನೂರಾರು ಕೋಟಿ ದಾಖಲೆಗಳನ್ನು ಅಳಿಸಲು ಒಪ್ಪಿತು. ನಮ್ಮಲ್ಲಿ ಖಾಸಗಿತನ ಮೂಲಭೂತ ಹಕ್ಕೆಂದು ಸುಪ್ರೀಂ ಕೋರ್ಟ್ 2017ರಲ್ಲಿ ಹೇಳಿತು. ಅರ್ಜಿದಾರರು, ಹೆಮ್ಮೆಯಿಂದ ಹೇಳಬೇಕು, ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ.

ಬ್ರೌಸರ್ ಮಾಡುವವರೇ ಜಾಹೀರಾತು ಮಾರುವಾಗ ನಿಮ್ಮ ಅನುಮಾನ ಸರಿಯೇ. ಫೈರ್‌ಫಾಕ್ಸ್ ಬಳಸಿ ನೋಡಿ. ಹುಡುಕುವಾಗ ಜಿಮೇಲ್‌ಗೆ ಲಾಗಿನ್ ಆಗಿರಬೇಡಿ.